ಬಲ್ಬ್ ಎಣಿಸಿದ್ದು ಸಾಕು, ಬೆಳಕು ಅಳೆಯಿರಿ

ಮಾನ್ಯರೇ,

ನಮ್ಮ ಬ್ಯಾಡಗಿ ಮೆಣಸಿನಕಾಯಿಗೆ ರೇಟು ಸಿಗುವುದೇ ಬಣ್ಣದ ಮೇಲೆ. ಖಾರ ಕಡಿಮೆ, ಕೆಂಪು ಜಾಸ್ತಿ. ದೊಡ್ಡ ಖರೀದಿದಾರರು ಆ ಕೆಂಪನ್ನು ಲ್ಯಾಬಿನಲ್ಲಿ ಆಸ್ಟಾ ಎಂಬ ಬಣ್ಣದ ಅಂಕದಲ್ಲಿ ಅಳೆಸುತ್ತಾರೆ. 2011ರಲ್ಲಿ ಜಿಐ ಟ್ಯಾಗ್ ಕೂಡ ಬಂತು. ಆದರೆ ಅದೇ ಕಾಯಿಯ ತೊಟ್ಟು ಬಿಡಿಸಿ, ಬಿಳಿಚಿದ್ದನ್ನೂ ಕಪ್ಪು ಚುಕ್ಕೆ ಬಿದ್ದದ್ದನ್ನೂ ಬೇರೆ ಮಾಡುವ ಹೆಣ್ಣುಮಕ್ಕಳು ಎಷ್ಟು ಬೆಳಕಿನಲ್ಲಿ ಕೂತಿದ್ದಾರೆ ಎಂದು ಅಳೆದವರನ್ನು ನಾನಂತೂ ಕಂಡಿಲ್ಲ.

ನಾನು ವೈರಿಂಗ್ ಕೆಲಸದವನು. ಗೋದಾಮು, ಅಂಗಡಿ, ಶೆಡ್ಡು ಅಂತ ತಿರುಗುತ್ತೇನೆ. ಮಾಲೀಕರು ಕೇಳುವುದು ಒಂದೇ: "ಎಷ್ಟ ವ್ಯಾಟಿಂದು ಹಾಕಿದ್ರ ಸಾಕಾಗ್ತದ?" ವ್ಯಾಟ್ ಎಂದರೆ ಬಲ್ಬ್ ತಿನ್ನುವ ಕರೆಂಟಿನ ಲೆಕ್ಕ. ಹಳೆಯ 100 ವ್ಯಾಟ್ ಬಲ್ಬಿನಷ್ಟೇ ಬೆಳಕನ್ನು ಇವತ್ತು 12–14 ವ್ಯಾಟಿನ ಎಲ್‌ಇಡಿ ಕೊಡುತ್ತದೆ. ಕೆಲಸದ ಜಾಗದ ಮೇಲೆ ಎಷ್ಟು ಬೆಳಕು ಬಿತ್ತು ಎನ್ನುವುದಕ್ಕೆ ಲಕ್ಸ್ ಎಂಬ ಬೇರೆ ಲೆಕ್ಕವಿದೆ. ಅದನ್ನು ಬಲ್ಬಿನ ಡಬ್ಬಿ ಮೇಲೆ ಬರೆಯಲು ಬರುವುದಿಲ್ಲ, ಯಾಕೆಂದರೆ ಅದು ಬಲ್ಬನ್ನು ಎಲ್ಲಿ ತೂಗುಹಾಕಿದ್ದೀರಿ ಎನ್ನುವುದರ ಮೇಲಿದೆ. 2 ಮೀಟರ್ ಎತ್ತರದ ಬಲ್ಬನ್ನು 4 ಮೀಟರಿಗೆ ಏರಿಸಿದರೆ ನೇರ ಕೆಳಗೆ ಬೀಳುವ ಬೆಳಕು ಕಾಲುಭಾಗಕ್ಕೆ ಇಳಿಯುತ್ತದೆ. ನಮ್ಮ ಶೆಡ್ಡುಗಳಲ್ಲಿ ಟ್ಯೂಬು ತಗಡಿನ ಹತ್ತಿರ, ಕೆಲಸದವರು ನೆಲದ ಮೇಲೆ. ಸಾಲದ್ದಕ್ಕೆ ಟ್ಯೂಬಿನ ಮೇಲೆ ಮೆಣಸಿನಕಾಯಿ ಧೂಳು. ಅದನ್ನು ಒರೆಸಲು ಏಣಿ ಹತ್ತಿದರೆ ನಾವೇ ಸೀನಿ ಸೀನಿ ಸಾಕಾಗುತ್ತೇವೆ, ಆ ಮಾತು ಬಿಡಿ.

ಹಣ್ಣು-ತರಕಾರಿ ಹೆಚ್ಚಿ ವಿಂಗಡಿಸುವ ಜಾಗಕ್ಕೆ ಯುರೋಪಿನ ಮಾನದಂಡ 300 ಲಕ್ಸ್ ಕೇಳುತ್ತದೆ. ಬಣ್ಣ ಪರೀಕ್ಷೆ ಮಾಡುವ ಕಡೆ 1000. ನಮ್ಮಲ್ಲೂ ಒಳಾಂಗಣ ಬೆಳಕಿಗೆ ಐಎಸ್ 3646 ಎಂಬ ಭಾರತೀಯ ಮಾನದಂಡ ಇದೆ, ಕಚೇರಿಗೆ 300ರಿಂದ 750 ಲಕ್ಸ್ ಎನ್ನುತ್ತದೆ. 1948ರ ಕಾರ್ಖಾನೆ ಕಾಯ್ದೆಯ 17ನೇ ಕಲಮಿನಲ್ಲಿ ಬೆಳಕು ಸಾಕಷ್ಟಿರಬೇಕು, ಕಣ್ಣಿಗೆ ಕುಕ್ಕಬಾರದು ಎಂದು ಬರೆದಿತ್ತು. ಕಿಟಕಿ ಗಾಜು ಒಳಗೂ ಹೊರಗೂ ಸ್ವಚ್ಛ ಇರಬೇಕು ಎಂದೂ ಇತ್ತು. ನಾಲ್ಕೈದು ಜನ ಕೂತು ಕೆಲಸ ಮಾಡುವ ಶೆಡ್ಡು ಇಂಥ ಕಾಯ್ದೆಯ ಲೆಕ್ಕಕ್ಕೇ ಬರುವುದಿಲ್ಲ. ಅಲ್ಲಿ ಕಿಟಕಿಯೇ ಇರುವುದಿಲ್ಲ, ಗಾಜು ಎಲ್ಲಿಂದ ಬರಬೇಕು?

ಬೆಳಕು ಎಷ್ಟು ಎನ್ನುವುದರ ಜೊತೆ ಎಂಥದ್ದು ಎನ್ನುವುದೂ ಮುಖ್ಯ. ಬಣ್ಣವನ್ನು ಎಷ್ಟು ಸರಿಯಾಗಿ ತೋರಿಸುತ್ತದೆ ಎನ್ನುವುದಕ್ಕೆ ಸಿಆರ್‌ಐ ಎಂಬ ಅಂಕವಿದೆ. ಡಬ್ಬಿ ಮೇಲೆ 80 ಎಂದಿದ್ದರೆ ಚಲೋ ಬಲ್ಬ್ ಎಂದುಕೊಳ್ಳುತ್ತೇವೆ. ಆದರೆ ಆ ಅಂಕ ಎಂಟು ತಿಳಿ ಬಣ್ಣಗಳ ಸರಾಸರಿ. ಗಾಢ ಕೆಂಪು ಅದರಲ್ಲಿ ಸೇರಿಯೇ ಇಲ್ಲ! ಅದಕ್ಕೆ ಆರ್‌9 ಎಂಬ ಬೇರೆ ಅಂಕ. ಸಿಆರ್‌ಐ 80 ಇರುವ ಅಗ್ಗದ ಎಲ್‌ಇಡಿಯಲ್ಲಿ ಆರ್‌9 ಸೊನ್ನೆಯ ಹತ್ತಿರ ಇರಬಹುದು. ಕೆಂಪಿನ ಮೇಲೆ ಬದುಕುವ ಊರಿಗೆ ಕೆಂಪು ಕಾಣಿಸದ ಬಲ್ಬ್ ತಂದಿದ್ದೇವೆ. ಅನುಮಾನ ಬಂದ ಕಾಯಿಯನ್ನು ಹಿಡಿದುಕೊಂಡು ಬಾಗಿಲ ಬಿಸಿಲಿಗೆ ಬರುವ ಅಕ್ಕಂದಿರಿದ್ದಾರೆ. "ಒಳಗ ಎಲ್ಲಾ ಒಂದ ಬಣ್ಣ ಕಾಣ್ತಾವ ತಮ್ಮಾ" ಎಂದು ಒಬ್ಬರು ಹೇಳಿದರು. ಅವರಿಗೆ ವಯಸ್ಸಾಗಿದೆ ಎಂದು ಮಾಲೀಕರು ನಕ್ಕರು. ವಯಸ್ಸೂ ಹೌದು. 60ರ ಕಣ್ಣಿನೊಳಗೆ ತಲುಪುವ ಬೆಳಕು 20ರ ಕಣ್ಣಿಗೆ ಹೋಲಿಸಿದರೆ ಸುಮಾರು ಮೂರನೇ ಒಂದು ಭಾಗ. ಹಾಗಂತ ಕೂಲಿ ಬಿಟ್ಟು ಮನೆಯಲ್ಲಿ ಕೂರಲಾಗುತ್ತದಾ? ಬೆಳಕು ಹೆಚ್ಚಿಸುವುದು ಸುಲಭ, ಅಲ್ವಾ?

ಬೀದಿ ದೀಪದ ಕಥೆಯೂ ಇದೇ. ಇಷ್ಟು ಕಂಬ ಹಾಕಿದೆವು, ಇಷ್ಟು ದೀಪ ಬದಲಿಸಿದೆವು ಎಂಬ ವರದಿ ಬರುತ್ತದೆ. ಬೀದಿ ದೀಪಕ್ಕಿರುವ ಭಾರತೀಯ ಮಾನದಂಡ ಐಎಸ್ 1944ರ ಪ್ರಕಾರ ವಾಹನ ದಟ್ಟಣೆಯ ಮುಖ್ಯ ರಸ್ತೆಗೆ ಸರಾಸರಿ 30 ಲಕ್ಸ್ ಬೇಕು. ಅತಿ ಕಡಿಮೆ ಬೆಳಕಿರುವ ಜಾಗದಲ್ಲೂ ಸರಾಸರಿಯ 0.4 ಪಾಲು, ಅಂದರೆ 12 ಇರಬೇಕು. ಕಂಬದ ಕೆಳಗೆ ಹಗಲಿನ ಹಾಗೆ, ಎರಡು ಕಂಬದ ನಡುವೆ ಕತ್ತಲು ಎಂದರೆ ಅದು ಪಾಸಾಗುವುದಿಲ್ಲ. ಧಾರವಾಡದ ಹಳೆಯ ಬಡಾವಣೆಗಳಲ್ಲಿ ಮರದ ಮೇಲೆ ದೀಪ, ಕೆಳಗೆ ನೆರಳು. ಮರ ಕಡಿಯಬೇಡಿ, ದೀಪವನ್ನು ಕೊಂಬೆಯ ಕೆಳಗೆ ಇಳಿಸಿ.

ಲಕ್ಸ್ ಮೀಟರ್ ಒಂದೆರಡು ಸಾವಿರ ರೂಪಾಯಿಗೆ ಸಿಗುತ್ತದೆ. ಪುರಸಭೆ ಒಂದು ಇಟ್ಟುಕೊಳ್ಳಲಿ, ಎಪಿಎಂಸಿ ಒಂದು. ಟೆಂಡರಿನಲ್ಲಿ ವ್ಯಾಟಿನ ಜೊತೆ ನೆಲದ ಮೇಲಿನ ಲಕ್ಸ್ ಬರೆಯಲಿ. ದೀಪ ಹಾಕಿದ ದಿನ ಒಮ್ಮೆ ಅಳೆದು, ಧೂಳು ಕೂತ ಮೇಲೆ ಆರು ತಿಂಗಳಿಗೆ ಮತ್ತೆ ಅಳೆಯಲಿ. ಆಮೇಲೆಯೇ ಬಾಕಿ ಬಿಲ್ ಕೊಡಲಿ. ಶೆಡ್ಡಿನ ಮಾಲೀಕರು ಹೊಸ ಬಲ್ಬ್ ಕೊಳ್ಳುವ ಮೊದಲು ಇರುವ ಟ್ಯೂಬನ್ನು ಒರೆಸಿ ಕೆಳಗಿಳಿಸಿ ನೋಡಲಿ. ಕೊಳ್ಳುವುದೇ ಆದರೆ ಆರ್‌9 ಎಷ್ಟು ಎಂದು ಅಂಗಡಿಯವನನ್ನು ಕೇಳಲಿ. ಅವನಿಗೆ ಗೊತ್ತಿಲ್ಲದಿದ್ದರೆ ಕಂಪನಿಯವರನ್ನು ಕೇಳಿಸಲಿ.

ಬ್ಯಾಡಗಿಯಲ್ಲಿ ಯಾರಾದರೂ ಕರೆದರೆ ಅಳೆದು ಕೊಡಲು ನಾನು ಬರುತ್ತೇನೆ, ಕೂಲಿ ಬೇಡ. ಜನವರಿಗೆ ಮುಂಚೆ ಕರೆಯಿರಿ. ಸುಗ್ಗಿ ಶುರುವಾದ ಮೇಲೆ ಏಣಿ ಇಡಲೂ ಜಾಗ ಇರುವುದಿಲ್ಲ.

— ಒಬ್ಬ ವೈರಿಂಗ್ ಕೆಲಸಗಾರ, ಬ್ಯಾಡಗಿ, ಹಾವೇರಿ ಜಿಲ್ಲೆ