ನಾಲ್ಕನೇ ನರ ಬಾವಿಕಟ್ಟೆಯಲ್ಲಿದೆ

ಚಿಕ್ಕಮಗಳೂರು

ಪ್ರೀತಿಯ ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ಮೊನ್ನೆ ಫೋನಿನಲ್ಲಿ ನೀನು ಅತ್ತಿದ್ದು ನಿನ್ನ ದೊಡ್ಡಮ್ಮನಿಗೆ ಗೊತ್ತಾಗಲಿಲ್ಲ, ನನಗೆ ಗೊತ್ತಾಯಿತು. ಹಾಸನದ ಹಾಸ್ಟೆಲ್‌ನಲ್ಲಿ ಮಧ್ಯರಾತ್ರಿವರೆಗೆ ಕೂತು ತಲೆಯ 12 ಜೊತೆ ನರಗಳ ಹೆಸರು ಉರು ಹೊಡೆಯುವುದು, ಬೆಳಗಾದರೆ ಐದಕ್ಕೇ ನಿಂತುಹೋಗುವುದು. "ನನ್ನ ತಲೆಯಲ್ಲಿ ಏನೂ ನಿಲ್ಲಲ್ಲ ದೊಡ್ಡಪ್ಪ" ಅಂದೆ. ನಿಲ್ಲೋಕೆ ನೀನು ಅವಕ್ಕೆ ಜಾಗ ತೋರಿಸಿದ್ದೀಯಾ?

ಆಲ್ದೂರಿನ ಸುತ್ತ 32 ವರ್ಷ ಅಂಚೆ ಹಂಚಿದವನು ನಾನು. ಹೆಸರು ನೆನಪಿಡುವುದರಲ್ಲಿ ಶುದ್ಧ ದಡ್ಡ. ಮದುವೆ ಮನೆಯಲ್ಲಿ ಯಾರಾದರೂ ಮಾತಾಡಿಸಿದರೆ ಸುಮ್ನೆ ನಗುತ್ತೇನೆ. ಆದರೆ ಬೆಳಿಗ್ಗೆ ಕಾಗದ ಜೋಡಿಸುವಾಗ ದಾರಿ ಕಣ್ಣ ಮುಂದೆ ಬರುತ್ತಿತ್ತು. ಹಲಸಿನ ಮರದ ತಿರುವು, ಕಚ್ಚುವ ನಾಯಿಯ ಲೈನ್ ಮನೆ, ಸಂಕ, ಅದರಾಚೆ ಗೇಟು. ಒಂದೊಂದು ಕಾಗದವೂ ತನ್ನ ಬಾಗಿಲಿಗೆ ತಾನೇ ಹೋಗಿ ಕೂರುತ್ತಿತ್ತು.

ನೆನಪಿಡಬೇಕಾದ್ದನ್ನು ಗೊತ್ತಿರುವ ದಾರಿಯ ಒಂದೊಂದು ಜಾಗದಲ್ಲಿ ಮನಸ್ಸಿನಲ್ಲೇ ಇಟ್ಟುಕೊಂಡು ಹೋಗುವ ಈ ಉಪಾಯ ಬಹಳ ಹಳೆಯದು. ಸುಮಾರು 2500 ವರ್ಷದ ಹಿಂದೆ ಗ್ರೀಸಿನಲ್ಲಿ ಸೈಮನೈಡಿಸ್ ಅನ್ನುವ ಕವಿ ಇದ್ದ. ಅವನು ಔತಣದ ಮನೆಯಿಂದ ಹೊರಗೆ ಬಂದಾಗಲೇ ಒಳಗೆ ಚಾವಣಿ ಕುಸಿಯಿತಂತೆ. ಗುರುತು ಸಿಗದ ಹೆಣಗಳನ್ನು, ಯಾರು ಎಲ್ಲಿ ಕೂತಿದ್ದರು ಎಂದು ನೆನೆದು ಹೇಳಿದನಂತೆ. ರೋಮಿನ ಸಿಸೆರೋ ಬರೆದಿಟ್ಟ ಕಥೆ ಇದು.

ಈಗ ಕಣ್ಣು ಮುಚ್ಚು. ಅಜ್ಜಿ ಮನೆಗೆ ಹೋಗೋಣ. ಬೇಸಿಗೆ ರಜೆಯೆಲ್ಲ ನೀನು ಓಡಾಡಿದ ಮನೆ, ಕತ್ತಲಲ್ಲೂ ನಿನಗೆ ಎಡವುವುದಿಲ್ಲ. ನೀನು ಕಳಿಸಿದ ಪುಟದ ಫೋಟೋ ಇಟ್ಟುಕೊಂಡು, ನಿಘಂಟು ಹುಡುಕಿ, ಎರಡು ಸಂಜೆ ಇದೇ ಕೆಲಸ ಮಾಡಿದ್ದೇನೆ.

ಗೇಟಿನಲ್ಲಿ ಆಳೆತ್ತರದ ಮೂಗು ಸಿಕ್ಕಿಹಾಕಿಕೊಂಡಿದೆ. ಕಾಫಿ ಹೂವಿನ ವಾಸನೆಗೆ ಬಂದು ಸಿಕ್ಕಿದ್ದು. ಅದು ಮೊದಲನೆಯದು, ಆಲ್‌ಫ್ಯಾಕ್ಟರಿ. ಕಣದಲ್ಲಿ ಕಾಫಿ ಹಣ್ಣಿನ ಬದಲು ಕಣ್ಣುಗಳನ್ನು ಹರವಿದ್ದಾರೆ, ಎಲ್ಲವೂ ನಿನ್ನನ್ನೇ ನೋಡುತ್ತಿವೆ. ಆಪ್ಟಿಕ್. ಪಂಪ್ ಶೆಡ್ಡಿನಲ್ಲಿ ಮೋಟರ್ ಹಾಕಿದರೆ ನೀರಿಲ್ಲ, ಒಂದು ಕಣ್ಣುಗುಡ್ಡೆ ಗರಗರ ತಿರುಗುತ್ತದೆ. ಆಕ್ಯುಲೋಮೋಟರ್. ನಾಲ್ಕನೆಯದು ಟ್ರಾಕ್ಲಿಯರ್. ಆ ಲ್ಯಾಟಿನ್ ಮಾತಿಗೆ ರಾಟೆ ಎಂದೇ ಅರ್ಥ! ಕಣ್ಣಿನ ಒಂದು ಸ್ನಾಯು ನಿಜವಾಗಿಯೂ ರಾಟೆಯ ಮೇಲಿನ ಹಗ್ಗದ ಹಾಗೆ ಹಾದುಹೋಗುತ್ತದಂತೆ. ಬಾವಿಯ ರಾಟೆಗೆ ಅದನ್ನು ಕಟ್ಟಿಬಿಡು. ಕೊಟ್ಟಿಗೆಯಲ್ಲಿ ಗೌರಿ ಮೂರು ಕವಲಿನ ಕೊಂಬೆ ಮೆಲ್ಲುತ್ತಿದ್ದಾಳೆ. ಮೂರು ಕವಲು, ಮುಖ, ಮೆಲ್ಲುವುದು, ಟ್ರೈಜೆಮಿನಲ್‌ಗೆ ಬೇಕಾದ್ದೆಲ್ಲ ಅಲ್ಲೇ ಇದೆ.

ಜಗಲಿಯ ಕನ್ನಡಿಗೆ ಫೇಶಿಯಲ್, ನಡುಮನೆಯ ರೇಡಿಯೋಗೆ ಕಿವಿಯ ನರ. ಅಡುಗೆಮನೆಯಲ್ಲಿ ಬಿಸಿ ಕಾಫಿಯ ಗ್ಲಾಸು ಗಂಟಲಿಗೆ ಸಿಕ್ಕಿಕೊಂಡಿದೆ, ಅದು ಗ್ಲಾಸೊಫ್ಯಾರಿಂಜಿಯಲ್. ಒರಳಿನ ಪಕ್ಕದ ಬೆಕ್ಕು ವೇಗಸ್. ವೇಗಸ್ ಅಂದರೆ ಅಲೆಮಾರಿ. ತಲೆಯಿಂದ ಹೊರಟು ಎದೆ, ಹೊಟ್ಟೆಯವರೆಗೂ ಸುತ್ತುವ ನರಕ್ಕೆ ಆ ಬೆಕ್ಕಿಗಿಂತ ಬೇರೆ ಗುರುತು ಬೇಕಾ? ಉಗ್ರಾಣದಲ್ಲಿ ಹೆಗಲ ಮೇಲೆ ಮೂಟೆ, ಆಕ್ಸೆಸರಿ. ಹಿತ್ತಲಲ್ಲಿ ನೀನೇ ಇದ್ದೀಯ, ಆರು ವರ್ಷದವಳು, ನೇರಳೆ ಹಣ್ಣು ತಿಂದು ನಾಲಿಗೆ ಚಾಚಿಕೊಂಡು. ಹೈಪೊಗ್ಲಾಸಲ್.

ಹುಚ್ಚುಚ್ಚಾಗಿದೆ ಅನ್ನಿಸುತ್ತಾ? ಹಾಗೇ ಇರಲಿ. ಸಪ್ಪೆ ಚಿತ್ರ ಮರುದಿನಕ್ಕೆ ಇರುವುದಿಲ್ಲ. ಬೆಳಕೂ ಬೇಕು. ರಷ್ಯಾದಲ್ಲಿ ಶೆರೆಶೆವ್‌ಸ್ಕಿ ಅಂತ ಒಬ್ಬ ಇದ್ದ, ನೆನಪಿಗೇ ಹೆಸರಾದವನು. ಮಾಸ್ಕೋದ ಬೀದಿಯಲ್ಲಿ ಮನಸ್ಸಿನಲ್ಲೇ ನಡೆಯುತ್ತ ಸಾಮಾನು ಇಡುತ್ತಿದ್ದ. ಒಮ್ಮೆ ಮೊಟ್ಟೆಯನ್ನು ಬಿಳಿ ಗೋಡೆಗೆ ಒರಗಿಸಿಟ್ಟ. ವಾಪಸು ಬರುವಾಗ ಕಾಣಲೇ ಇಲ್ಲ! ನನ್ನದೂ ಒಂದಿದೆ. ಎರಡು ಮನೆಗೆ ಒಂದೇ ಹಸಿರು ಬಾಗಿಲಿತ್ತು, ಒಬ್ಬರ ಕಾಗದ ಇನ್ನೊಬ್ಬರಿಗೆ ಕೊಟ್ಟು ಬೈಸಿಕೊಂಡೆ. ಹಾಗಾಗಿ ಒಂದೇ ಥರದ ಎರಡು ಕಿಟಕಿಗೆ ಎರಡು ಹೆಸರು ಇಡಬೇಡ. ಮೂಳೆಗಳ ಪಟ್ಟಿಗೆ ಇದೇ ಮನೆ ಬಳಸಬೇಡ, ನಿನ್ನ ಹೈಸ್ಕೂಲಿನ ದಾರಿ ಹಿಡಿ.

ಒಂದೇ ದಿನಕ್ಕೆ ಆಗುವುದಲ್ಲ. ನೆದರ್ಲೆಂಡ್ಸ್‌ನ ಸಂಶೋಧಕರು ಸಾಮಾನ್ಯ ಜನರಿಗೆ ದಿನಾ ಅರ್ಧ ಗಂಟೆಯಂತೆ 40 ದಿನ ಇದನ್ನು ಕಲಿಸಿ, 2017ರಲ್ಲಿ ಫಲಿತಾಂಶ ಪ್ರಕಟಿಸಿದರು. 72 ಪದಗಳಲ್ಲಿ 26ರ ಆಸುಪಾಸು ಹೇಳುತ್ತಿದ್ದವರು 60 ದಾಟಿದರು. ಆದರೆ ಇದು ಹೆಸರಿಗೆ, ಸಾಲಿಗೆ ಮಾತ್ರ ಒದಗುತ್ತದೆ. ಆ ನರಕ್ಕೆ ಪೆಟ್ಟಾದರೆ ರೋಗಿಗೆ ಏನಾಗುತ್ತದೆ ಅನ್ನುವುದನ್ನು ಓದಿಯೇ ತಿಳಿಯಬೇಕು, ಅದಕ್ಕೆ ಅಡ್ಡದಾರಿ ಹುಡುಕಿದರೆ ನಾನೇ ಬೈಯುತ್ತೇನೆ.

ಮಲಗುವ ಮುಂಚೆ ಒಂದು ಸುತ್ತು, ಎದ್ದ ಮೇಲೆ ಒಂದು ಸುತ್ತು ಹೋಗಿ ಬಾ. ಭಾನುವಾರ ಫೋನ್ ಮಾಡುತ್ತೇನೆ, ಹಿತ್ತಲಿಂದ ಗೇಟಿಗೆ ಹಿಂದುಮುಂದಾಗಿ ಕೇಳುತ್ತೇನೆ. ಕೊಟ್ಟಿಗೆಗೂ ಜಗಲಿಗೂ ನಡುವೆ ಆರನೆಯದು ಬಿಟ್ಟುಹೋಗಿದೆ, ನೋಡಿದೆಯಾ? ಅಬ್ಡ್ಯೂಸೆನ್ಸ್. ಕಣ್ಣನ್ನು ಹೊರಪಕ್ಕಕ್ಕೆ ಹೊರಳಿಸುವುದಂತೆ. ನನಗೆ ಏನೂ ಹೊಳೆಯಲಿಲ್ಲ. ಅಲ್ಲಿ ಏನಿಟ್ಟೆ ಅಂತ ನೀನೇ ಹೇಳಬೇಕು.

ನಿನ್ನ ದೊಡ್ಡಪ್ಪ