ಒಂದೇ ಕೇಬಲ್‌ನಲ್ಲಿ 485 ಮತ್ತೆ 24 ವೋಲ್ಟ್

ಎಲ್ರಿಗೂ ನಮಸ್ಕಾರ, ಪಂಪ್‌ಹೌಸ್‌ನಿಂದ ಟ್ಯಾಂಕ್‌ವರೆಗೂ ಒಂದೇ ಕೇಬಲ್ ಎಳೆದು ಆರ್‌ಎಸ್-485 (ರೀಡಿಂಗ್ ಸಾಗಿಸೋ ಡೇಟಾ ಲೈನ್), ರಿಲೇ ಓಡಿಸೋ 24 ವೋಲ್ಟ್ ಡಿಸಿ ಕಂಟ್ರೋಲ್ ಎರಡೂ ಓಡಿಸ್ಬೋದಾ ಅಂತ ಸುಮಾರು ಜನ ಕೇಳ್ತಿದೀರ. ಓಡಿಸ್ಬೋದು, ಆದ್ರೆ ಸಾದಾ ಫೋರ್ ಕೋರ್ (ತಿರುಚದ ನಾಲ್ಕು ವೈರಿನ ಕೇಬಲ್) ಬೇಡ್ರಪ್ಪಾ. 485ರ ಎ, ಬಿ ಡೇಟಾ ವೈರ್ ಎರಡೂ ಒಂದೇ ಟ್ವಿಸ್ಟೆಡ್ ಪೇರ್‌ನಲ್ಲೇ (ಒಂದಕ್ಕೊಂದು ತಿರುಚಿದ ಜೋಡಿ ವೈರ್) ಹೋಗ್ಬೇಕು, ಎ ಒಂದು ಪೇರ್‌ನಿಂದ ಬಿ ಇನ್ನೊಂದ್ರಿಂದ ತಗೊಂಡ್ರೆ ತಿರುಚಿದ್ದಕ್ಕೆ ಅರ್ಥಾನೇ ಇಲ್ಲ. ಪ್ರತಿ ಪೇರ್‌ಗೂ ಬೇರೆ ಶೀಲ್ಡ್ (ಸುತ್ತಲಿನ ಲೋಹದ ಹೊದಿಕೆ) ಇರೋದು ಸಿಕ್ರೆ ಇನ್ನೂ ಒಳ್ಳೇದು, ಶೀಲ್ಡನ್ನ ಪ್ಯಾನಲ್ ಕಡೆ ಮಾತ್ರ ಅರ್ತಿಂಗ್‌ಗೆ ಜೋಡಿಸಿ.

ನಿಜವಾದ ಕಾಟ ರಿಲೇ (24 ವೋಲ್ಟ್‌ನಲ್ಲಿ ಪಂಪ್ ಆನ್-ಆಫ್ ಮಾಡೋ ಸ್ವಿಚ್) ಕಾಯಿಲ್‌ದು. ಆಫ್ ಆಗೋ ಕ್ಷಣಕ್ಕೆ ನೂರಾರು ವೋಲ್ಟ್ ಸ್ಪೈಕ್ ಬಿಡತ್ತೆ, ನಂಗೂ ಒಂದ್ಸಲ ಪಂಪ್ ಆಫ್ ಆದಾಗೆಲ್ಲ ರೀಡಿಂಗ್ ಹೋಗ್ತಿತ್ತು, ಎರಡು ದಿನ 485ರ ಅಡ್ರೆಸ್ಸು, ಬಾಡ್ ರೇಟು (ಡೇಟಾ ವೇಗ) ಅಂತ ತಡಕಾಡಿ ಕೊನೆಗೆ ಕಾಯಿಲ್‌ನ ಎರಡು ತುದಿಗಳ ನಡುವೆ ಒಂದು 1ಎನ್4007 ಡಯೋಡ್ ಉಲ್ಟಾ ಹಾಕಿದ್ಮೇಲೆ ಸರಿಹೋಯ್ತು (ಡಿಸಿ ಕಾಯಿಲ್‌ಗೆ ಮಾತ್ರ ಕಣ್ರೀ, ಬೆಳ್ಳಿ ಗೆರೆ ಇರೋ ತುದಿ ಪ್ಲಸ್‌ಗೆ).

485ರ ಗ್ರೌಂಡ್‌ಗೂ 24 ವೋಲ್ಟ್ ಮೈನಸ್‌ಗೂ ಒಂದೇ ವೈರ್ ಹಾಕಿ ಉಳಿಸೋಕೆ ಹೋಗ್ಬೇಡಿ, ಲೋಡ್ ಕರೆಂಟ್‌ಗೆ ಅದ್ರಲ್ಲಿ ವೋಲ್ಟೇಜ್ ಡ್ರಾಪ್ ಆಗಿ ಗ್ರೌಂಡೇ ಅಲ್ಲಾಡತ್ತೆ. ಲೈನ್ ಉದ್ದ ಇದ್ರೆ ಎರಡು ತುದಿಗೂ ಎ-ಬಿ ನಡುವೆ 120 ಓಮ್ ರೆಸಿಸ್ಟರ್ ಹಾಕಿ. 230 ವೋಲ್ಟ್ ಮಾತ್ರ ಈ ಕೇಬಲ್ ಒಳಗೆ ಬರ್ಲೇಬಾರ್ದು, ಅದಕ್ಕೆ ಬೇರೆ ಪೈಪ್ ಎಳೀರಿ.