ಕಲಂ 80ರ ನೋಟಿಸಿಗೆ ಉತ್ತರ ಸಿಗಲಿ

ಸಂಪಾದಕರಿಗೆ,

ಮಾನ್ಯರೇ,

ಸರ್ಕಾರದ ಮೇಲೆ ದಾವೆ ಹೂಡುವ ಮುನ್ನ ಕೊಡಬೇಕಾದ ಕಲಂ 80ರ ನೋಟಿಸಿಗೆ ಇಲಾಖೆಗಳು ಉತ್ತರಿಸದಿರುವ ಬಗ್ಗೆ ಈ ಪತ್ರ.

ರಸ್ತೆಗೆಂದು ಧರೆ ಕಡಿದು ಮಣ್ಣನ್ನು ಕೆಳಗಿನ ಅಡಿಕೆ ತೋಟಕ್ಕೆ ತಳ್ಳಿದರೂ, ಭೂಸ್ವಾಧೀನದ ಆದೇಶವಿಲ್ಲದೆ ಬೇಲಿ ಕಿತ್ತರೂ, ಮಾಡಿ ಮುಗಿಸಿದ ಕಾಮಗಾರಿಯ ಬಿಲ್ಲನ್ನು ವರ್ಷಗಟ್ಟಲೆ ತಡೆಹಿಡಿದರೂ ನಮ್ಮ ಮಲೆನಾಡಿನ ಜನ ಮೊದಲು ಮಾಡುವ ಕೆಲಸ ಮನವಿ ಕೊಡುವುದು. ಅದಕ್ಕೆ ಉತ್ತರ ಬಾರದಿದ್ದರೆ ಇನ್ನೊಂದು ಮನವಿ ಕೊಡುತ್ತಾರೆ. ತೀರ್ಥಹಳ್ಳಿಯಲ್ಲಿ ವಕೀಲರ ಗುಮಾಸ್ತನಾಗಿ ದುಡಿದ ನಾನು ಇಂಥ ಮನವಿಗಳ ಕಟ್ಟುಗಳನ್ನು ಬಹಳ ನೋಡಿದ್ದೇನೆ. ಮನವಿಗಳ ಮೇಲೆ ಮನವಿ ಕೊಡುತ್ತಾ ಹೋದರೂ ದಾವೆ ಹೂಡಲು ಕಾಲಮಿತಿ ಕಾಯ್ದೆ ಹಾಕಿದ ಗಡುವು ನಿಲ್ಲುವುದಿಲ್ಲ ಎಂಬುದನ್ನು ಅವರಿಗೆ ಯಾರೂ ಹೇಳಿರುವುದಿಲ್ಲ. ಮಾಡಿದ ಕೆಲಸದ ಹಣ ಕೇಳಲು ಸಾಮಾನ್ಯವಾಗಿ ಇರುವುದು 3 ವರ್ಷ; ಕಾಯ್ದೆಯ ಅಧಿಕಾರದಿಂದಲೇ ಮಾಡಿದೆವೆಂದು ಇಲಾಖೆ ಹೇಳುವ ಕೃತ್ಯದಿಂದಾದ ನಷ್ಟಕ್ಕೆ ಪರಿಹಾರ ಕೇಳಲು ಒಂದೇ ವರ್ಷ.

ಸರ್ಕಾರದ ಮೇಲೆ ದಾವೆ ಹೂಡುವುದು ದುಸ್ಸಾಹಸವೆಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಆದರೆ ಸಂವಿಧಾನದ 300ನೇ ವಿಧಿಯೇ ಅದಕ್ಕೆ ದಾರಿ ಮಾಡಿಕೊಟ್ಟಿದೆ: ಕೇಂದ್ರ ಸರ್ಕಾರದ ಮೇಲೆ ಭಾರತ ಒಕ್ಕೂಟದ ಹೆಸರಿನಲ್ಲಿ, ರಾಜ್ಯ ಸರ್ಕಾರದ ಮೇಲೆ ಆ ರಾಜ್ಯದ ಹೆಸರಿನಲ್ಲಿ ದಾವೆ ನಡೆಯುತ್ತದೆ. ಮೂಲಭೂತ ಹಕ್ಕಿಗೆ ಧಕ್ಕೆಯಾದಾಗ, ಅಧಿಕಾರಿ ಕಾನೂನಿನ ಮೇರೆ ಮೀರಿದಾಗ, 226ನೇ ವಿಧಿಯಡಿ ಹೈಕೋರ್ಟಿಗೆ ರಿಟ್ ಅರ್ಜಿ, ಅಂದರೆ ಸರ್ಕಾರಕ್ಕೆ ನೇರವಾಗಿ ಆದೇಶ ನೀಡುವಂತೆ ಕೋರುವ ಅರ್ಜಿ, ಸಲ್ಲಿಸಬಹುದು. ಆಸ್ತಿ ಈಗ ಮೂಲಭೂತ ಹಕ್ಕಲ್ಲದಿದ್ದರೂ, ಕಾನೂನಿನ ಆಧಾರವಿಲ್ಲದೆ ಯಾರ ಆಸ್ತಿಯನ್ನೂ ಕಸಿಯಬಾರದೆಂದು 300ಎ ವಿಧಿ ಹೇಳುತ್ತದೆ. ಈ ರಕ್ಷಣೆ ಕಂಪನಿಗಳಿಗೂ ಉಂಟು. ಹಿಮಾಚಲ ಪ್ರದೇಶದ ವೃದ್ಧೆಯೊಬ್ಬರ ಜಮೀನನ್ನು 1967ರ ಸುಮಾರಿಗೆ ಸ್ವಾಧೀನ ಪ್ರಕ್ರಿಯೆಯನ್ನೇ ನಡೆಸದೆ ರಸ್ತೆಗೆ ಬಳಸಿಕೊಂಡಿದ್ದ ಪ್ರಕರಣದಲ್ಲಿ, ಇಷ್ಟು ವರ್ಷ ಸ್ವಾಧೀನದಲ್ಲಿದ್ದ ಕಾರಣಕ್ಕೆ ಜಮೀನು ತನ್ನದಾಯಿತೆಂದು ಸರ್ಕಾರ ವಾದಿಸಿತ್ತು. 2020ರಲ್ಲಿ ಸುಪ್ರೀಂ ಕೋರ್ಟ್ ಆ ವಾದವನ್ನು ತಳ್ಳಿಹಾಕಿ ಪರಿಹಾರ ಕೊಡಿಸಿತು. ಗುಡ್ಡ ಕಡಿದು ರಸ್ತೆ ಮಾಡುವ ನಮ್ಮ ಸೀಮೆಯವರೆಲ್ಲ ತಿಳಿದಿರಬೇಕಾದ ತೀರ್ಪು ಇದು.

ಆದರೆ ರಿಟ್ ಎಂದರೆ ನಮ್ಮ ಜಿಲ್ಲೆಯವರು ಬೆಂಗಳೂರಿನವರೆಗೆ ಹೋಗಬೇಕು. ಪಕ್ಕದ ಶಿರಸಿಯವರಿಗಾದರೆ ಧಾರವಾಡದ ಪೀಠವಿದೆ. ಅದೂ ಅಲ್ಲದೆ, ಮಣ್ಣು ಎಷ್ಟು ಬಿತ್ತು, ಎಷ್ಟು ಮರ ಹೋದವು ಎಂದು ಸಾಕ್ಷಿಗಳಿಂದಲೇ ತೀರ್ಮಾನವಾಗಬೇಕಾದ ವಿವಾದಗಳನ್ನು ಹೈಕೋರ್ಟ್ ಸಾಮಾನ್ಯವಾಗಿ ಸಿವಿಲ್ ನ್ಯಾಯಾಲಯಕ್ಕೇ ಬಿಡುತ್ತದೆ. ಹೀಗಾಗಿ ಬಹುಪಾಲು ಜನರಿಗೆ ಒದಗಿಬರುವುದು ಸ್ಥಳೀಯ ನ್ಯಾಯಾಲಯದ ದಾವೆಯೇ. ಅದಕ್ಕೆ ಮುನ್ನ ಸಿವಿಲ್ ಪ್ರಕ್ರಿಯಾ ಸಂಹಿತೆಯ ಕಲಂ 80ರಂತೆ ನೋಟಿಸ್ ಕೊಟ್ಟು 2 ತಿಂಗಳು ಕಾಯಬೇಕು. ವಾದಿಯ ಹೆಸರು, ವಿಳಾಸ, ದಾವೆಗೆ ಕಾರಣ, ಕೇಳುವ ಪರಿಹಾರ ಇವಿಷ್ಟು ಅದರಲ್ಲಿ ಇರಬೇಕು. ರಾಜ್ಯ ಸರ್ಕಾರದ ವಿಷಯವಾದರೆ ಅದನ್ನು ಶಿವಮೊಗ್ಗದ ಜಿಲ್ಲಾಧಿಕಾರಿ ಕಚೇರಿಗೇ ತಲುಪಿಸಬಹುದು. ರೈಲ್ವೆಯದಾದರೆ ಹುಬ್ಬಳ್ಳಿಯಲ್ಲಿರುವ ನೈಋತ್ಯ ರೈಲ್ವೆಯ ಪ್ರಧಾನ ವ್ಯವಸ್ಥಾಪಕರಿಗೆ ಕಳಿಸಬೇಕು. ತುರ್ತು ಪರಿಹಾರ ಬೇಕಿದ್ದರೆ ನ್ಯಾಯಾಲಯದ ಅನುಮತಿ ಪಡೆದು ನೋಟಿಸ್ ಇಲ್ಲದೆಯೂ ದಾವೆ ಹೂಡಬಹುದು. ಮನವಿಗೆ ಇಲ್ಲದ ಬಲವೊಂದು ಈ ನೋಟಿಸಿಗಿದೆ: ಇದರ 2 ತಿಂಗಳ ಅವಧಿಯನ್ನು ಕಾಲಮಿತಿಯ ಲೆಕ್ಕದಿಂದ ಹೊರಗಿಡಲಾಗುತ್ತದೆ.

ಸಣ್ಣ ಗುತ್ತಿಗೆದಾರರ ಸಂಕಟವನ್ನು ಬೇರೆಯಾಗಿಯೇ ಹೇಳಬೇಕು. ಸರ್ಕಾರದೊಡನೆ ಮಾಡಿಕೊಳ್ಳುವ ಒಪ್ಪಂದ 299ನೇ ವಿಧಿಯಂತೆ ರಾಜ್ಯಪಾಲರ ಹೆಸರಿನಲ್ಲಿ ಲಿಖಿತವಾಗಿ ಆಗಿರಬೇಕು. ಎಂಜಿನಿಯರು ಬಾಯಲ್ಲಿ ಹೇಳಿದ ಮಾತು ಒಪ್ಪಂದವಾಗುವುದಿಲ್ಲ. ಮಳೆಗಾಲದಲ್ಲಿ ಮೋರಿ ಕೊಚ್ಚಿಹೋದಾಗ, ಕಾಗದ ಆಮೇಲೆ ಮಾಡೋಣ ಎಂಬ ಮಾತನ್ನು ನಂಬಿ ಸ್ವಂತ ಹಣ ಹಾಕಿ ಕೆಲಸ ಮುಗಿಸಿದವರು ಇಲ್ಲಿಯೇ ಸಿಕ್ಕಿಬೀಳುತ್ತಾರೆ. ಅಂಥವರಿಗೂ ದಾರಿ ಪೂರ್ತಿ ಮುಚ್ಚಿಲ್ಲ. ಪಶ್ಚಿಮ ಬಂಗಾಳದ ಬಿ.ಕೆ. ಮಂಡಲ್ ಪ್ರಕರಣದಲ್ಲಿ ಕ್ರಮಬದ್ಧ ಒಪ್ಪಂದವಿಲ್ಲದೆ ಕಟ್ಟಿಕೊಟ್ಟ ಉಗ್ರಾಣಗಳನ್ನು ಸರ್ಕಾರ ಬಳಸಿಕೊಂಡಿತ್ತು. ಬೇಡವೆನ್ನದೆ ಸ್ವೀಕರಿಸಿ ಪ್ರಯೋಜನ ಪಡೆದ ಮೇಲೆ ಕರಾರು ಕಾಯ್ದೆಯ ಕಲಂ 70ರಂತೆ ಅದರ ಬೆಲೆ ಕೊಡಬೇಕೆಂದು ಸುಪ್ರೀಂ ಕೋರ್ಟ್ ಹೇಳಿತು. ಆದ್ದರಿಂದ ಕೆಲಸದ ಅಳತೆ, ಫೋಟೊ, ಸಾಮಗ್ರಿಯ ರಸೀದಿ ಯಾವುದನ್ನೂ ಕಳೆದುಕೊಳ್ಳಬಾರದು.

ನನ್ನ ಮುಖ್ಯ ಅಳಲು ಇಲಾಖೆಗಳ ಮೌನದ ಬಗ್ಗೆ. ನ್ಯಾಯಾಲಯದ ಹೊರಗೇ ನ್ಯಾಯವಾದ ಬೇಡಿಕೆಯನ್ನು ಇತ್ಯರ್ಥ ಮಾಡಲು ಸರ್ಕಾರಕ್ಕೆ ಅವಕಾಶವಿರಲೆಂದೇ ಕಾನೂನು ಆ 2 ತಿಂಗಳನ್ನು ಕೊಟ್ಟಿದೆ. ಆದರೆ ನಾನು ಕಂಡಂತೆ ನೋಟಿಸು ಟಪಾಲು ವಿಭಾಗದಿಂದ ಕಡತಕ್ಕೆ ಸೇರುತ್ತದೆ, ಉತ್ತರ ಬರುವುದಿಲ್ಲ. ಬಡ ವಾದಿಗೆ ಆ ಅವಧಿ ಬರಿಯ ಕಾಯುವಿಕೆಯಾಗುತ್ತದೆ. 2005ರಲ್ಲಿ ಸೇಲಂ ವಕೀಲರ ಸಂಘದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಗಮನಿಸಿ, ಇಂಥ ನೋಟಿಸುಗಳಿಗೆ ಸಕಾಲದಲ್ಲಿ ಸಮರ್ಪಕ ಉತ್ತರ ಹೋಗುವಂತೆ ನೋಡಿಕೊಳ್ಳುವ ಹೊಣೆಯನ್ನು 3 ತಿಂಗಳೊಳಗೆ ಒಬ್ಬ ಅಧಿಕಾರಿಗೆ ವಹಿಸಬೇಕೆಂದು ಎಲ್ಲ ಸರ್ಕಾರಗಳಿಗೂ ನಿರ್ದೇಶನ ನೀಡಿತ್ತು. ಉತ್ತರಿಸದ ಸರ್ಕಾರದ ಮೇಲೆ ಭಾರಿ ವೆಚ್ಚ ಹೇರಬಹುದೆಂದೂ ಹೇಳಿತ್ತು.

ನಮ್ಮ ಜಿಲ್ಲೆಯಲ್ಲಿ ಆ ಹೊಣೆ ಹೊತ್ತ ಅಧಿಕಾರಿ ಯಾರೆಂಬುದನ್ನು ಜಿಲ್ಲಾಡಳಿತ ಪ್ರಕಟಿಸಬೇಕು ಮತ್ತು ಪ್ರತಿ ತಾಲ್ಲೂಕು ಕಚೇರಿಯ ಫಲಕದಲ್ಲಿ ಬರೆಸಬೇಕು. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಆದಾಯ ಮಿತಿಯೊಳಗಿನವರಿಗೆ 1987ರ ಕಾಯ್ದೆಯಡಿ ಉಚಿತ ನೆರವು ನೀಡುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವು ತನ್ನ ಅರಿವು ಶಿಬಿರಗಳಲ್ಲಿ ಕಲಂ 80ರ ನೋಟಿಸಿನ ಕನ್ನಡ ಮಾದರಿಯೊಂದನ್ನು ಹಂಚಬೇಕೆಂದೂ, ಈ ಮಳೆಗಾಲ ಮುಗಿಯುವ ಮೊದಲೇ ಅದು ಹಳ್ಳಿಗಳಿಗೆ ತಲುಪಬೇಕೆಂದೂ ತಮ್ಮ ಪತ್ರಿಕೆಯ ಮೂಲಕ ಕೋರುತ್ತೇನೆ.

ಇಂತಿ,
ನಿವೃತ್ತ ವಕೀಲರ ಗುಮಾಸ್ತ,
ತೀರ್ಥಹಳ್ಳಿ